ಮೊದಲ ಹಿಡಿ ಮಣ್ಣು

"ಆ ಕೈಗೆ ಕೊಡ್ತೀರಾ ಫಾದರ್? ಅವರ ರೊಟ್ಟಿ ಮುಟ್ಟಿದ ಕೈಗೆ?"

ನೂಲಾ ಕೇಳಿದ್ದು ಗುರುಗಳನ್ನು, ಚುಚ್ಚಿದ್ದು ತಮ್ಮ ಫೆಲಿಮ್‌ನನ್ನು. ಫಾದರ್ ಮಲಾಖಿ ತಲೆಯೆತ್ತಲಿಲ್ಲ. ದನದ ವ್ಯಾಪಾರಿಯ ವೇಷಕ್ಕೆಂದು ತೊಟ್ಟಿದ್ದ ಕೊಳಕು ಕೋಟಿನಲ್ಲೇ ಮಂಡಿಯೂರಿ, ತಟ್ಟೆಯಲ್ಲಿದ್ದ ಹಿಡಿ ಮಣ್ಣಿನ ಮೇಲೆ ಪವಿತ್ರಜಲ ಚಿಮುಕಿಸಿ, ಒಲೆಯ ಪಕ್ಕ ಆರಲು ಇಟ್ಟರು. ಆಚೆ ಶವಪೆಟ್ಟಿಗೆಯಲ್ಲಿ ಅವ್ವ ಮಲಗಿದ್ದಳು.

ಊರಿನ ಸ್ಮಶಾನ ಒಂದು ಕಾಲಕ್ಕೆ ಹಳೇ ಮತದ ಸನ್ಯಾಸಿಗಳದ್ದು, ಈಗ ಅರಸನ ಹೊಸ ಮತದ ಇಗರ್ಜಿಯದ್ದು. ಹಳೇ ಮತದವರನ್ನು ಅಲ್ಲಿ ಹೂಳಬಹುದು, ಅವರ ಗುರು ಮಾತ್ರ ಅಲ್ಲಿ ತುಟಿ ಬಿಚ್ಚುವಂತಿಲ್ಲ. ಜನ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮನೆಯಲ್ಲೇ ಮಂತ್ರಿಸಿದ ಮಣ್ಣನ್ನು ಯಾರಾದರೂ ಜೇಬಿನಲ್ಲಿ ಒಯ್ದು, ಪೆಟ್ಟಿಗೆ ಇಳಿದ ಕೂಡಲೆ ಎಲ್ಲಕ್ಕಿಂತ ಮೊದಲು ಅದನ್ನು ಹಾಕುತ್ತಿದ್ದರು. ಹೋದ ತಿಂಗಳು ಒಬ್ಬ ಸಿಕ್ಕಿಬಿದ್ದ. ಅಂದಿನಿಂದ ಗುಂಡಿ ಮುಚ್ಚುವ ತನಕ ಹಳೇ ಮತದವರೆಲ್ಲ ಗೋಡೆಯ ಹೊರಗೆ. ಈ ಮನೆಯಿಂದ ಒಳಗೆ ಕಾಲಿಡಬಲ್ಲವನು ಫೆಲಿಮ್ ಒಬ್ಬನೇ.

ನಾಲ್ಕು ವರ್ಷದ ಕೆಳಗೆ ಅವನು ಮತ ಬಿಟ್ಟಿದ್ದ. ಬಿಟ್ಟನೋ, ಬಿಡಿಸಿದರೋ! ದಾಯಾದಿಯೊಬ್ಬ ಅರಸನ ಮತಕ್ಕೆ ಸೇರಿ ಇವರ ಹೊಲವನ್ನೆಲ್ಲ ಹೊಡೆದುಕೊಳ್ಳಲು ಹೊರಟಿದ್ದ, ಮತ ಬದಲಿಸಿದವನಿಗೇ ಹೊಲ ಎನ್ನುವ ಕಾನೂನೂ ಅವನ ಬೆನ್ನಿಗಿತ್ತು. "ನೀನೇ ಮೊದಲು ಹೋಗಿ ಸೇರಪ್ಪಾ, ಮನೆ ಉಳೀಲಿ" ಎಂದವಳು ಅವ್ವನೇ. ಹೋದ, ಇಗರ್ಜಿಯಲ್ಲಿ ಎಲ್ಲರೆದುರು ಅವರ ಪ್ರಸಾದದ ರೊಟ್ಟಿ ತಿಂದ, ಮನೆ ಉಳಿಯಿತು. ಮತ್ತೊಮ್ಮೆ ಅವನ ಬಾಯಲ್ಲಿ ಹಳೇ ಪ್ರಾರ್ಥನೆ ಬಂದದ್ದು ಯಾರ ಕಿವಿಗಾದರೂ ಬಿದ್ದರೆ ಹೊಲ ಹೋದಂತೆಯೇ. ಹಾಗಾಗಿ ಮನೆಯ ಯಾವ ಪೂಜೆಗೂ ಅವನನ್ನು ಕರೆಯುತ್ತಿರಲಿಲ್ಲ. ನೂಲಾ ಅಷ್ಟಕ್ಕೇ ಬಿಡುವವಳಲ್ಲ. ಅವನು ಉಳಿಸಿದ ಹೊಲದ ಆಲೂಗಡ್ಡೆ ಸುಲಿಯುತ್ತ ಅವನನ್ನೇ ಬೈಯುತ್ತಿದ್ದಳು.

"ಮೂರು ದಿನ ಅವ್ವ ಇದೊಂದನ್ನೇ ಕನವರಿಸಿದ್ಳು, ನನ್ನನ್ನ ಬರೀ ಮಣ್ಣಲ್ಲಿ ಹಾಕಬೇಡಿ ಅಂತ" ಎಂದಳು ನೂಲಾ.

ಫೆಲಿಮ್ ಬಾಗಿಲ ಬಳಿಯೇ ನಿಂತಿದ್ದ. "ಫಾದರ್, ನನ್ನ ಕೈಯಿಂದ ಬಿದ್ರೆ ಅವ್ವನಿಗೆ ತಲುಪುತ್ತಾ?"

"ಮಂತ್ರ ಹೇಳಿದ್ದು ಮಣ್ಣಿಗೆ ಕಣಪ್ಪ, ನಿನ್ನ ಕೈಗಲ್ಲ." ಗುರುಗಳು ಮಂಡಿ ಹಿಡಿದುಕೊಂಡು ಎದ್ದರು. "ಈ ಊರಲ್ಲಿ ವೇಷ ಹಾಕದೋನು ಯಾರಿದಾನೆ ಹೇಳು? ಬರೋ ದಾರೀಲಿ ಇಬ್ಬರು ನನ್ನನ್ನ ನಿಲ್ಲಿಸಿ ಹಸು ಎಷ್ಟಕ್ಕೆ ಕೊಡ್ತೀಯ ಅಂದ್ರು. ತಗೋ. ಕೈ ಮಾತ್ರ ನಡುಗಿಸಬೇಡ."

ಬಟ್ಟೆಯಲ್ಲಿ ಕಟ್ಟಿದ ಮಣ್ಣಿನ ಗಂಟನ್ನು ಫೆಲಿಮ್ ಎದೆಯ ಜೇಬಿನಲ್ಲಿಟ್ಟುಕೊಂಡ.

ಸ್ಮಶಾನದಲ್ಲಿ ಜಡಿಮಳೆ. ಪೆಟ್ಟಿಗೆ ಇಳಿಯಿತು. ಅರಸನ ಇಗರ್ಜಿಯ ಮುದಿ ಪಾದ್ರಿ ಪರ್ಡನ್ ಮೂಗು ಒರೆಸಿಕೊಳ್ಳುತ್ತ, ಅವ್ವನಿಗೆ ಒಂದಕ್ಷರ ತಿಳಿಯದ ಇಂಗ್ಲಿಷಿನಲ್ಲಿ ಓದುತ್ತ ಹೋದರು. ಗೋಡೆಯಾಚೆ ಬರೀ ತಲೆಗಳು ಕಾಣುತ್ತಿದ್ದವು. ಮಣ್ಣಿಗೆ ಮಣ್ಣು ಎಂಬ ಮಾತು ಬಂದಾಗ ಹತ್ತಿರವಿದ್ದವರು ಮಣ್ಣು ಹಾಕಬೇಕೆಂದು ಅವರ ಪುಸ್ತಕದಲ್ಲೂ ಇದೆ. ಗುಂಡಿ ತೋಡುವವನು ಸನಿಕೆ ಎತ್ತಿದ. ಫೆಲಿಮ್ ಅದಕ್ಕೆ ಅಡ್ಡ ನಿಂತು ಗಂಟು ಬಿಚ್ಚಿದ. ಮಣ್ಣನ್ನು ಕೆಳಗೆ ಸುರಿದ. ಸುತ್ತಲ ಮಣ್ಣೆಲ್ಲ ಕೆಸರಾಗಿತ್ತು, ಇದೊಂದು ಒಣಗಿದ ಪುಡಿ ಮುಚ್ಚಳದ ಮೇಲೆ ಎದ್ದು ಕಂಡಿತು.

"ಏಯ್, ಏನೋ ಅದು?" ಎಂದ ಸನಿಕೆಯವನು.

ಪಾದ್ರಿ ಗುಂಡಿಯೊಳಕ್ಕೆ ಬಗ್ಗಿ ನೋಡಿದರು. ಬಹಳ ಹೊತ್ತೇ ನೋಡಿದರು.

"ಮಗ ತಾಯಿಗೆ ಮಣ್ಣು ಹಾಕ್ತಿದ್ದಾನೆ. ಕಾಣ್ಸಲ್ವಾ ನಿಂಗೆ? ಟೋಪಿ ತೆಗಿ ಮೊದಲು." ಆಮೇಲೆ ಅದೇ ಸಾಲನ್ನು ಮೊದಲಿನಿಂದ ಓದಿದರು.

ಗೇಟಿನ ಹೊರಗೆ ನೂಲಾ ಕಾದಿದ್ದಳು. "ಬಿತ್ತಾ?"

"ಬಿತ್ತು."

"ಎಲ್ಲಾನೂ?"

"ಎಲ್ಲಾನೂ, ಅಕ್ಕ."

ಅವಳು ಜನರ ಹಿಂದೆ ಹೊರಟಳು. ಗುಡ್ಡದ ಮೇಲೆ ಬಂಡೆಯನ್ನೇ ಪೀಠ ಮಾಡಿಕೊಂಡು ಫಾದರ್ ಮಲಾಖಿ ಅವ್ವನಿಗಾಗಿ ಪೂಜೆ ಇಟ್ಟಿದ್ದರು. ಫೆಲಿಮ್ ಅಲ್ಲಿಗೆ ಹೋಗುವಂತಿರಲಿಲ್ಲ. ಅವನು ರಸ್ತೆ ಹಿಡಿದ. ಗುಡ್ಡದ ಕಾಲುದಾರಿ ಗಿರಣಿಯ ತನಕ ರಸ್ತೆಯ ಪಕ್ಕದಲ್ಲೇ ಸಾಗುತ್ತದೆ, ನಡುವೆ ಒಂದು ಮುಳ್ಳುಬೇಲಿ ಮಾತ್ರ. ಜನ ಮುಂದೆ ಮುಂದೆ ಹೋದರು. ಬೇಲಿಯ ಸಂದಿನಲ್ಲಿ ನೂಲಾಳ ಬೂದು ಶಾಲು ಮಾತ್ರ ಹಿಂದೆಯೇ ಉಳಿದು, ಅವನ ನಡಿಗೆಗೆ ಸರಿಯಾಗಿ ಬರುತ್ತಿತ್ತು.

"ನಮೋ ಮರಿಯಾ" ಎಂದು ಬೇಲಿಯಾಚೆ ನೂಲಾ ಜಪಮಾಲೆ ಶುರುಮಾಡಿದಳು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ. ಆ ಪ್ರಾರ್ಥನೆಯನ್ನು ಒಬ್ಬರು ಅರ್ಧ ಹೇಳಿದರೆ ಇನ್ನರ್ಧ ಜೊತೆಗಿದ್ದವರು ಹೇಳಬೇಕು. ನಾಲ್ಕು ವರ್ಷದಿಂದ ಅವನಿಗೆಂದು ಯಾರೂ ಅರ್ಧ ಬಿಟ್ಟಿರಲಿಲ್ಲ. ನೂಲಾ ತನ್ನ ಅರ್ಧ ಮುಗಿಸಿ ಸುಮ್ಮನಾದಳು.

ಫೆಲಿಮ್ ರಸ್ತೆಯ ಹಿಂದೆ ಮುಂದೆ ನೋಡಿದ. ದೂರದಲ್ಲಿ ಯಾರದೋ ಗಾಡಿ ಬರುತ್ತಿತ್ತು. ಬಾಯಿ ತೆರೆದ, ದನಿ ಹೊರಡಲಿಲ್ಲ. ಮತ್ತೆ ತೆರೆದು, ಪಿಸುದನಿಯಲ್ಲಿ ಉಳಿದರ್ಧ ಹೇಳಿದ.

ಬೇಲಿಯಾಚೆ ಎರಡನೆಯ ನಮೋ ಮರಿಯಾ ಶುರುವಾಯಿತು.