ಗೀಸರಿನ ಕೆಂಪು ದೀಪ

ದೊಡ್ಡವ್ವ ಎದ್ದ ಸದ್ದು ಕೇಳಿದ ಕೂಡಲೇ ಸ್ಫೂರ್ತಿ ಗೀಸರಿನ ಸ್ವಿಚ್ ಒತ್ತಿದಳು. ಕೆಂಪು ದೀಪ ಹತ್ತಿತು. ನಲ್ಲಿಯಲ್ಲಿ ಹನಿ ನೀರಿಲ್ಲದಿದ್ದರೂ ಆ ದೀಪ ಹತ್ತುತ್ತದೆ. ಗೀಸರಿನೊಳಗೆ ನಿಂತ ಹಳೆಯ ನೀರು ಕಾಯುತ್ತದೆ, ಆದರೆ ಮೇಲಿನ ಟ್ಯಾಂಕಿನಿಂದ ಹೊಸ ನೀರು ಬಂದು ತಳ್ಳುವವರೆಗೆ ಹೊರಗೆ ಬರುವುದಿಲ್ಲ.

“ನೀರು ಕಾಯಾಕತ್ತೈತಿ ದೊಡ್ಡವ್ವ, ಸ್ವಲ್ಪ ತಡಿ.”

“ಕಾಯ್ಲಿ ತಗೊ. ನಂಗೇನು ಆಫೀಸಿಗೆ ಹೋಗಾದೈತೇನು?”

ದೊಡ್ಡವ್ವ ಬಸಮ್ಮ ರಾಣೆಬೆನ್ನೂರಿನಿಂದ ನಿನ್ನೆಯಷ್ಟೇ ಬಂದಿದ್ದರು. ತಾಯಿ ತೀರಿಹೋದ ಮೇಲೆ ಸ್ಫೂರ್ತಿಯನ್ನು ಸಾಕಿದವರು. ಮೆಟ್ರೊ ಹತ್ತಬೇಕು, ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಬೆಂಗಳೂರು ನೋಡಬೇಕು ಎಂದು ಎಷ್ಟೋ ವರ್ಷಗಳಿಂದ ಅನ್ನುತ್ತಿದ್ದರು. “ನಿಮ್ಮೂರಾಗ ನೀರಿಲ್ಲಂತಲ್ಲೇ, ಟಿವಿಯೊಳಗ ತೋರಸ್ತಾರ” ಎಂದು ಫೋನಿನಲ್ಲಿ ಹಿಂದೆಮುಂದೆ ನೋಡಿದಾಗ ಸ್ಫೂರ್ತಿ, “ನಮ್ಮ ಮನ್ಯಾಗ ಅದೇನಿಲ್ಲ, ನೀ ಬಾ” ಎಂದಿದ್ದಳು. ಈಗ ನೀರಿಲ್ಲ ಎನ್ನಲು ಬಾಯಿ ಬರಲಿಲ್ಲ.

ಬಸಮ್ಮ ಚಿಕ್ಕಂದಿನಲ್ಲೇ ದೀಕ್ಷೆ ಪಡೆದವರು. ಜಳಕ ಮಾಡಿ, ಎದೆಯ ಮೇಲಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜಿಸದೆ ಗುಟುಕು ನೀರನ್ನೂ ಕುಡಿಯುವುದಿಲ್ಲ. ಮೈ ಸುಡುವ ಜ್ವರದಲ್ಲೂ ತಪ್ಪಿಸಿದವರಲ್ಲ. ಮಗನನ್ನು ಮಣ್ಣು ಮಾಡಿದ ಮರುದಿನವೂ ತಪ್ಪಿಸಿರಲಿಲ್ಲ.

ಸ್ಫೂರ್ತಿ ಮೆಟ್ಟಿಲಿಳಿದು ಹೋದಳು. ಮನೆ ಓನರ್ ನಾಗಲಕ್ಷ್ಮಮ್ಮ ಗೇಟಿನ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರ್ ನೀರನ್ನು ಆಯಾ ಮನೆಯ ತಲೆ ಎಣಿಸಿ, ವಾಲ್ವ್ ತಿರುಗಿಸಿ ಬಿಡುತ್ತಿದ್ದವರು ಅವರೇ.

“ನೆಂಟ್ರು ಬತ್ತಾರೆ ಅಂದ್ರೆ ಒಂದ್ ಮಾತು ಏಳ್ಬೇಕು ತಾನೆ? ಕದ್ದು ಕರ್ಕೊಂಬಂದ್ರೆ ಇಂಗೇ ಆಗೋದು.”

“ವಯಸ್ಸಾದವರು ಆಂಟಿ. ಒಂದು ಬಕೆಟ್ ಸಿಕ್ರೆ ಸಾಕು.”

“ನಮ್ಮನೇಲೇ ಪಾತ್ರೆ ಅಂಗೇ ಬಿದ್ದವೆ ಕಣಮ್ಮ. ಸಂಪಿನ ತಳ ಕಾಣ್ತೈತೆ, ಬೇಕಾದ್ರೆ ಬಗ್ಗಿ ನೋಡು. ಟ್ಯಾಂಕ್ರು ಹೂಡಿ ಸಿಗ್ನಲ್ ತಾವ ಬಂದೈತಂತೆ. ಬರ್ಲಿ, ಮೊದ್ಲು ನಿಂಗೇ ಬಿಡ್ತೀನಿ.”

ಕುಡಿಯುವ ನೀರಿನ ಕ್ಯಾನ್ ಬಗ್ಗಿಸಿ ಸ್ಫೂರ್ತಿ ಉಪ್ಪಿಟ್ಟು ಮಾಡಿ ಮುಚ್ಚಿಟ್ಟಳು. ಹಾರ್ನ್ ಕೇಳಿದಾಗಲೆಲ್ಲ ಬಾಲ್ಕನಿಗೆ ಓಡಿದಳು. ಬಂದ ಟ್ಯಾಂಕರುಗಳೆಲ್ಲ ಬೇರೆ ಕಟ್ಟಡಗಳವು. ಬಿಸಿಲು ಸೋಫಾದವರೆಗೆ ಬಂದಿತ್ತು. ಆಗ ಅವಳ ಕಣ್ಣಿಗೆ ವಾಶ್‌ಬೇಸಿನ್ನಿನ ಅಂಚಿನಲ್ಲಿದ್ದ ಸೂಜಿಯ ಮುಚ್ಚಳ ಬಿತ್ತು.

“ದೊಡ್ಡವ್ವ, ಇನ್ಸುಲಿನ್ ತಗೊಂಡ್ಯಾ?”

“ಹೂಂ, ಆಗ್ಲೇ. ದೀಪ ಹತ್ತಿತ್ತಲ್ಲ. ಊರಾಗೂ ಹಂಗ, ನೀರು ಕಾಯಾಕಿಟ್ಟ ಕೂಡ್ಲೇ ಚುಚ್ಕೊಂತೀನಿ. ಜಳಕ, ಪೂಜಿ ಮುಗಿಯಾದ್ರಾಗ ರೊಟ್ಟಿ ತಿನ್ನಾಕ ಸರಿ ಆಕ್ಕೈತಿ.”

ಸ್ಫೂರ್ತಿ ಓಡಿಹೋಗಿ ಮುಚ್ಚಿಟ್ಟ ಉಪ್ಪಿಟ್ಟು ತಂದಳು. ಔಷಧಿ ಒಳಗೆ ಹೋಗಿದೆ, ಹೊಟ್ಟೆಗೆ ಏನೂ ಬಿದ್ದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿಯುತ್ತ ಹೋದರೆ ಮೊದಲು ಬೆವರು, ನಡುಕ. ಆಮೇಲೆ ಪ್ರಜ್ಞೆ ಹೋಗುತ್ತದೆ. ಆಮೇಲೆ ಜೀವ.

“ನೀರಿಲ್ಲ ದೊಡ್ಡವ್ವ. ನಾ ಸುಳ್ಳು ಹೇಳ್ದೆ. ಮೊದ್ಲು ಇಷ್ಟು ತಿನ್ನು, ಕೈ ಮುಗೀತೀನಿ.”

“ಆಗ್ಲೇ ಅಂದಿದ್ರ ಸೂಜಿ ತಗೊಂತಿದ್ದಿಲ್ಲಲ್ಲೇ” ಎಂದರು ಬಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

“ಕ್ಯಾನಿನಾಗ ಎರಡು ಚೊಂಬು ಐತಿ. ಮೈ ಒರೆಸ್ಕೊಂಡು ಪೂಜಿ ಮಾಡ್ಕೊ.”

“ಮೈ ಒರೆಸ್ಕೊಳ್ಳಾಕ ನಾನೇನು ಹಾಸಿಗಿ ಹಿಡದೀನೇನು?” ಬಸಮ್ಮ ನಕ್ಕರು. ನಗುವಾಗಲೇ ಅವರ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

ಸ್ವಲ್ಪ ಹೊತ್ತಿಗೆ, “ಗಿರಿಜಾ, ಬಾಗ್ಲು ಹಾಕ್ಕೊ, ನಾಯಿ ಬರತಾವ” ಎಂದರು. ಗಿರಿಜಾ ಸ್ಫೂರ್ತಿಯ ಸತ್ತ ತಾಯಿ. ಬಸಮ್ಮನ ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ.

ಸ್ಫೂರ್ತಿ ಸಕ್ಕರೆ ಡಬ್ಬಿ ತಂದಳು. ಬಸಮ್ಮ ತುಟಿ ಬಿಗಿದು ತಲೆ ಆಡಿಸಿದರು. ಒಂದು ಕೈ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿ ಹಿಡಿದಿತ್ತು. ಸ್ಫೂರ್ತಿ ಎಡಗೈಯಲ್ಲಿ ಅವರ ದವಡೆ ಒತ್ತಿ, ಬಲಗೈ ಬೆರಳಿನಿಂದ ಕೆನ್ನೆಯ ಒಳಗೆ ಸಕ್ಕರೆ ತಿಕ್ಕಿದಳು. ಉಗುಳಿದರು. ಮತ್ತೆ ತಿಕ್ಕಿದಳು. ಚಿಕ್ಕವಳಿದ್ದಾಗ ತನಗೆ ಇದೇ ಹೆಂಗಸು ಹೀಗೇ ಔಷಧಿ ಕುಡಿಸುತ್ತಿದ್ದಳು.

ನಿಧಾನವಾಗಿ ನೋಟ ಮರಳಿತು. ಬಸಮ್ಮ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿದರು. ಸಿಹಿ ತಿಳಿಯಿತು. ಸ್ಫೂರ್ತಿಯ ಬೆರಳುಗಳನ್ನು ನೋಡಿದರು, ಮುಖ ನೋಡಲಿಲ್ಲ.

“ಟ್ಯಾಂಕ್ರು ಬಂತು, ಬಿಟ್ಟಿವ್ನಿ! ಇಡ್ಕೊಳ್ಳಮ್ಮ!” ಕೆಳಗಿನಿಂದ ನಾಗಲಕ್ಷ್ಮಮ್ಮ ಕೂಗಿದರು. ನಲ್ಲಿ ಕೆಮ್ಮಿ, ಗಾಳಿ ಉಗುಳಿ, ಬಿಸಿ ನೀರು ಬಿಟ್ಟಿತು.

ಬಸಮ್ಮ ಗೋಡೆ ಹಿಡಿದು ಎದ್ದರು. “ಚಿಲಕ ಹಾಕಬ್ಯಾಡ” ಎಂದು ಸ್ಫೂರ್ತಿ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಜಳಕವಾಯಿತು. ಪೂಜೆ ಬಹಳ ಹೊತ್ತು ನಡೆಯಿತು. ಮುಗಿದ ಕೂಡಲೇ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಳು.

“ಬ್ಯಾಡವ್ವ. ಬಾಯಿ ಮೈಲಿಗಿ ಆಗೈತಿ. ಇವತ್ತೊಂದಿನ ಉಪವಾಸ.”

“ಆ ಸೂಜಿ ಇನ್ನೂ ಒಳಗ ಕೆಲ್ಸ ಮಾಡಾಕತ್ತೈತಿ ದೊಡ್ಡವ್ವ! ಅದಕ್ಕ ಉಪವಾಸ ತಿಳಿತೈತೇನು?”

“ನಿಂದೇನು ತಪ್ಪಿಲ್ಲ ತಗೊ. ಸಂಜಿ ಬಸ್ಸಿಗೆ ಹತ್ತಿಸಿಬಿಡು.”

ಸ್ಫೂರ್ತಿ ಆಂಬುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳಿದಳು. ಆಮೇಲೆ ದೊಡ್ಡವ್ವನ ಎದುರು ನೆಲದ ಮೇಲೆ ಕೂತು, ಅವರ ಮೇಲ್ದುಟಿಯನ್ನೇ ನೋಡತೊಡಗಿದಳು. ಅವಳ ಬಲ ಮುಷ್ಟಿಯಲ್ಲಿ ಸಕ್ಕರೆಯಿತ್ತು. ಬಸಮ್ಮ ಆ ಮುಷ್ಟಿಯನ್ನು ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ಕೂತರು.