ಇಪ್ಪತ್ನಾಲ್ಕು ಜಾಡಿ ಟೊಮೆಟೊ

ಹದಿನಾರು ವರ್ಷದಿಂದ ಆ ಮನೆಯಲ್ಲಿ ಟೊಮೆಟೊ ಜಾಡಿಗಳೆಂದರೆ ದೊಡ್ಡ ಸೊಸೆಯ ಕೈಕೆಲಸ. ಹಣ್ಣು ಅಗ್ಗವಾದಾಗ ಬುಟ್ಟಿಗಟ್ಟಲೆ ತಂದು, ಸಿಪ್ಪೆ ಸುಲಿದು, ಗಾಜಿನ ಜಾಡಿಗೆ ತುಂಬಿ, ಹಂಡೆಯ ನೀರಿನಲ್ಲಿ ಮುಳುಗಿಸಿ ಕುದಿಸುವವಳು ಅವಳು. ವರ್ಷವಿಡೀ ಮನೆಮಂದಿ ಬಾಯಿ ಚಪ್ಪರಿಸಿ ಹೊಗಳುವುದೂ ಅವಳನ್ನೇ. ಅಂಥದ್ದರಲ್ಲಿ ಈ ಸಲ ಅತ್ತೆ, ಬಂದು ವರ್ಷ ತುಂಬದ ಚಿಕ್ಕ ಸೊಸೆಯ ಕೈಗೆ ಸೌಟು ಕೊಟ್ಟು, "ಈ ವರ್ಷ ನೀನು ಮಾಡಮ್ಮ, ದೊಡ್ಡವಳು ಸಿಪ್ಪೆ ಸುಲಿದುಕೊಡ್ತಾಳೆ" ಎಂದುಬಿಡುವುದೇ!

ಸುಲಿದುಕೊಡಬೇಕಂತೆ! ದೊಡ್ಡವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕೂತು ಬುಟ್ಟಿಯಷ್ಟೂ ಸುಲಿದಳು.

ಚಿಕ್ಕವಳೋ, ಪರೀಕ್ಷೆಗೆ ಕೂತವಳ ಹಾಗೆ! ಜಾಡಿಗಿಷ್ಟೇ ಎಂದು ಚಮಚದಲ್ಲಿ ಅಳೆದು ನಿಂಬೆರಸ ಹಾಕುವುದೇನು, ಗಡಿಯಾರದಿಂದ ಕಣ್ಣು ಕೀಳದೆ ಕುದಿಸುವುದೇನು! ಕುದಿಸಿದ್ದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ತಣಿಯುವಾಗ ಮುಚ್ಚಳದ ನಡು ಒಳಕ್ಕೆ ಕುಸಿದು ಟಕ್ ಎಂದರೆ ಜಾಡಿ ಭದ್ರ, ಗಾಳಿ ಒಳಗೆ ಹೋಗದು. ದೊಡ್ಡವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಕಿವಿ ನೆಟ್ಟು ಎಣಿಸಿದಳು. ಇಪ್ಪತ್ನಾಲ್ಕು ಜಾಡಿ, ಇಪ್ಪತ್ನಾಲ್ಕು ಟಕ್. ತನ್ನ ಕೈಯಲ್ಲಿ ಪ್ರತಿ ವರ್ಷ ಎರಡೋ ಮೂರೋ ಕೈಕೊಡುತ್ತಿದ್ದವು.

"ನೋಡಿದ್ಯೇನೇ, ಒಂದೂ ಕೆಟ್ಟಿಲ್ಲ!" ಎಂದು ಅತ್ತೆ ಬೇರೆ ಕೂಗಿ ಹೇಳಿದರು.

ಮರುದಿನ ಬೆಳಿಗ್ಗೆ ಅವರಿಬ್ಬರೂ ಹಿತ್ತಲಲ್ಲಿದ್ದಾಗ ದೊಡ್ಡವಳು ಅಡುಗೆಮನೆಗೆ ಹೋದಳು. ಒಂದು ಜಾಡಿಯ ಮುಚ್ಚಳವನ್ನು ಬಿಗಿಹಿಡಿದ ತಿರುಪಿನ ಬಳೆ ಬಿಚ್ಚಿ, ಚಮಚದ ತುದಿಯಿಂದ ಮುಚ್ಚಳ ಎಬ್ಬಿಸಿ, ಮತ್ತೆ ಹಾಗೇ ಇಟ್ಟಳು. ಒಂದೇ ಒಂದು. ಅತ್ತೆಯ ಕಣ್ಣಿಗೆ ಬಿದ್ದರೆ ಸಾಕು, ಅಷ್ಟೇ.

ಬಿತ್ತು. ಸ್ವಲ್ಪ ಹೊತ್ತಿಗೆ ಕಪಾಟಿಗೆ ಜೋಡಿಸುವ ಮುನ್ನ ಬೆರಳಿನಿಂದ ಒಂದೊಂದೇ ಮುಚ್ಚಳ ಒತ್ತಿ ನೋಡುತ್ತಿದ್ದ ಅತ್ತೆ, "ಇದೊಂದು ಕೂತಿಲ್ವಲ್ಲ" ಎಂದರು.

ಚಿಕ್ಕವಳ ಮುಖ ಬಿಳಿಚಿಕೊಂಡಿತು. "ಎಲ್ಲಾನೂ ಒಂದೇ ಲೆಕ್ಕದಲ್ಲಿ ಕುದಿಸಿದ್ದು ಅತ್ತೆ. ಇದು ಕೂತಿಲ್ಲ ಅಂದ್ರೆ ನಾನೆಲ್ಲೋ ತಪ್ಪಿದ್ದೀನಿ. ತಿಂದು ಯಾರಿಗಾದ್ರೂ ಏನಾದ್ರೂ ಆದ್ರೆ?"

"ಒಂದು ತಾನೇ, ಬಿಡೇ" ಎಂದು ಅತ್ತೆ ಅಂದರೂ ಕೇಳಲಿಲ್ಲ. ಅಳುತ್ತಲೇ ಜಾಡಿ ಬಿಚ್ಚಿ ಬಕೆಟ್ಟಿಗೆ ಸುರಿಯತೊಡಗಿದಳು. ಒಂದು, ಎರಡು, ಮೂರು.

ಸುಮ್ಮನಿದ್ದರೆ ಮುಂದಿನ ವರ್ಷ ಸೌಟು ತನ್ನ ಕೈಗೇ. ದೊಡ್ಡವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಅಯ್ಯೋ, ಎಂಥ ಹಣ್ಣು! ಒಂದು ವರ್ಷದ ಊಟ ಕಣ್ಣೆದುರಿಗೇ ಬಕೆಟ್ಟಿಗೆ ಬೀಳುತ್ತಿತ್ತು. ಐದನೆಯ ಜಾಡಿಗೆ ಅವಳು ಓರಗಿತ್ತಿಯ ಕೈ ಹಿಡಿದುಬಿಟ್ಟಳು.

"ನಿಲ್ಲಿಸೇ! ಅದನ್ನ ಬಿಚ್ಚಿದ್ದು ನಾನು. ಹೊಟ್ಟೆಕಿಚ್ಚಿಗೆ ಬಿಚ್ಚಿದೆ."

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಬೈಯಲಿಲ್ಲ. ಚಿಕ್ಕವಳು ರಸ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಅಕ್ಕ, ನಾನು ಮಾಡಿದ್ದು ಸರಿಯಾಗಿತ್ತಾ?"

ದೊಡ್ಡವಳ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

"ಸರಿಯಾಗಿತ್ತು ಕಣೇ" ಎಂದಳು. "ನನ್ನದಕ್ಕಿಂತ ಚೆನ್ನಾಗಿತ್ತು."