ಎಲ್ಲರೂ ಒಪ್ಪಿ ಬದಲಿಸಿದ ಶಾಲೆ

ಚಂದನಳಿಗೆ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿತ್ತು. ಸುಗಟೂರಿನ ಆಚೆಯ ಆ ಸಣ್ಣ ಊರಿಗೆ ಕೋಲಾರದ ಸ್ಕೂಲ್ ವ್ಯಾನು ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂತುಬಿಡುತ್ತಿದ್ದಳು. ಡಾಕ್ಟರಿಗೆ ತೋರಿಸಿದ್ದಾಯಿತು, ದೃಷ್ಟಿ ತೆಗೆದಿದ್ದಾಯಿತು. ಭಾನುವಾರ ಮಾತ್ರ ಯಾವ ನೋವೂ ಇರುತ್ತಿರಲಿಲ್ಲ. ಅಮ್ಮ ಸುನಂದಳ ಜೊತೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ, ತೆಲುಗು ಕನ್ನಡ ಎರಡನ್ನೂ ಕಲೆಸಿ ಬಾಯ್ತುಂಬ ಹರಟುತ್ತಿದ್ದಳು.

ಅಪ್ಪ ಕದಿರೇಶ್ ಓದಿದ್ದು ಏಳನೇ ಕ್ಲಾಸಿನವರೆಗೆ. ಫೇಲಾದ ವರ್ಷ ಮೇಷ್ಟ್ರೊಬ್ಬರು, ನಿನಗೆ ಓದು ಹತ್ತೋದಿಲ್ಲ, ಹೊಲ ನೋಡ್ಕೋ ಹೋಗು ಎಂದು ಕಳಿಸಿಬಿಟ್ಟಿದ್ದರು. ಆ ಮಾತು ಅವನಲ್ಲಿ ಹಾಗೇ ಉಳಿದಿತ್ತು. ಅದಕ್ಕೇ ಮಗಳನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸಿದ್ದ. ಟೈ ಕಟ್ಟಿಕೊಂಡು ವ್ಯಾನು ಹತ್ತುವ ಮಗಳನ್ನು ನೋಡಿದರೆ ಅವನಿಗೆ ಎದೆ ತುಂಬಿ ಬರುತ್ತಿತ್ತು.

ಐದನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ ಕ್ಲಾಸ್ ಟೀಚರ್ ಪವಿತ್ರ ತಂದೆ ತಾಯಿ ಇಬ್ಬರನ್ನೂ ಬರಹೇಳಿದರು. ಚಂದನ ಬೋರ್ಡಿನ ಮೇಲಿದ್ದುದನ್ನು ನೋಡಿ ಮುತ್ತಿನಂತೆ ಬರೆಯುತ್ತಾಳೆ, ಆದರೆ ಬರೆದದ್ದನ್ನು ಓದಲು ಬರುವುದಿಲ್ಲ ಎಂದು ಅವರು ಹೇಳಿದಾಗ ಸುನಂದಳಿಗೆ ನಂಬಲಾಗಲಿಲ್ಲ. ಪವಿತ್ರ ಏನನ್ನೂ ಮುಚ್ಚಿಡಲಿಲ್ಲ.

"ಮಗು ದಡ್ಡಿ ಅಲ್ಲ. ಅವಳಿಗೆ ಗೊತ್ತಿರೋ ಭಾಷೇಲಿ ಅಕ್ಷರದಿಂದ ಶುರು ಮಾಡಬೇಕು. ನನ್ನ ಕ್ಲಾಸಲ್ಲಿ ಅಷ್ಟು ಮಕ್ಕಳನ್ನ ಬಿಟ್ಟು ಒಬ್ಬಳ ಹತ್ರ ಕೂರೋಕೆ ನನ್ನಿಂದ ಆಗ್ತಿಲ್ಲ. ನಿಮ್ಮೂರ ಸರ್ಕಾರಿ ಶಾಲೇಲಿ ಭೀಮರಾಜ್ ಮೇಷ್ಟ್ರು ಇಂಥ ಮಕ್ಕಳನ್ನ ಚೆನ್ನಾಗಿ ಓದಿಸ್ತಾರೆ. ಯೋಚನೆ ಮಾಡಿ. ಬೇಡ ಅಂದ್ರೆ ಇಲ್ಲೇ ಇರಲಿ, ನಾನು ಕೈ ಬಿಡೋದಿಲ್ಲ."

ಕೊನೆಯ ಮಾತು ಕದಿರೇಶನ ಕಿವಿಗೆ ಬೀಳಲೇ ಇಲ್ಲ. ಮಗಳನ್ನೂ ಹೊರಗೆ ಹಾಕುತ್ತಿದ್ದಾರೆ ಎಂದಷ್ಟೇ ಅವನಿಗೆ ಅರ್ಥವಾಯಿತು. ಸಿಟ್ಟಿನಲ್ಲಿ ಎದ್ದು ಹೊರಟುಬಿಟ್ಟ.

ಸಂಜೆ ಎದುರುಮನೆಯ ಭಾರತಮ್ಮ ಬಂದರು. ಅವರು ಊರಿನ ಶಾಲೆಯ ಎಸ್‌ಡಿಎಂಸಿ ಸದಸ್ಯೆ, ಅಂದರೆ ಶಾಲಾಭಿವೃದ್ಧಿ ಸಮಿತಿಯವರು. ಅವರ ಮೊಮ್ಮಗನೂ ಅಲ್ಲೇ ಓದುತ್ತಿದ್ದ. ಸುನಂದ ನಡೆದದ್ದನ್ನೆಲ್ಲ ಹೇಳಿಕೊಂಡಳು. ಕದಿರೇಶ್ ಸೊಪ್ಪು ಹೆಚ್ಚುತ್ತಾ, ಇನ್ನು ಊರವರಿಗೆಲ್ಲ ನಾನು ಏನು ಹೇಳಲಿ, ವ್ಯಾನಲ್ಲಿ ಹೋಗುತ್ತಿದ್ದವಳು ನಡೆದು ಹೋದರೆ ನಗುವುದಿಲ್ಲವೇ ಎಂದು ಗೊಣಗಿದ.

ಭಾರತಮ್ಮ ಅವನಿಗೆ ಬಿಡಿಸಿ ಹೇಳಿದರು. ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಶಾಲೆಯೂ ಮಗುವನ್ನು ಹೊರಗೆ ಹಾಕುವಂತಿಲ್ಲ, ಅದು ಕಾನೂನು. ತಂದೆ ತಾಯಿ ಒಪ್ಪಿ ಬದಲಿಸುವುದೇ ಬೇರೆ. ವರ್ಷದ ಮಧ್ಯದಲ್ಲೂ ಸರ್ಕಾರಿ ಶಾಲೆಗೆ ಸೇರಿಸಬಹುದು. ಕೇಳಿದ ಕೂಡಲೇ ಹಳೆಯ ಶಾಲೆಯವರು ಟಿಸಿ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ವಾಪಸು ಕಳಿಸುವ ಹಾಗೂ ಇಲ್ಲ.

"ಅಷ್ಟೆಲ್ಲ ಸರಿ ಅಕ್ಕ," ಎಂದ ಕದಿರೇಶ್. "ನನ್ನನ್ನ ಕಳಿಸಿದ ಹಾಗೇ ಇವಳನ್ನೂ ಕಳಿಸ್ತಾವ್ರಲ್ಲ, ಅದು ನಂಗೆ ತಡೆಯೋಕಾಗ್ತಿಲ್ಲ."

"ನಿನ್ನನ್ನ ಮನೆಗೆ ಕಳಿಸಿದ್ರು ಕಣಪ್ಪಾ. ಇವಳಿಗೆ ಇನ್ನೊಂದು ಶಾಲೆ ತೋರಿಸ್ತಿದಾರೆ. ಎರಡೂ ಒಂದೇನಾ? ಹೋಗ್ಲಿ, ಮಗೂನ ಕೇಳಿದ್ಯಾ?"

ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಚಂದನಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮೂರ ಶಾಲೆಗೆ ಹೋಗ್ತೀಯಾ ಎಂದು ಕೇಳಿದ. ಅವಳು ಸಣ್ಣ ದನಿಯಲ್ಲಿ ಅಪ್ಪನನ್ನೇ ಕೇಳಿದಳು.

"ಅಲ್ಲಿ, ನಂಗೆ ಗೊತ್ತಿಲ್ಲ ಅಂತ ಹೇಳಬಹುದಾ ನಾಯ್ನಾ?"

ಕದಿರೇಶ್ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟ. ಮಗಳ ತಲೆ ನೇವರಿಸಿ, ಹೋಗಿ ನೋಡಿಕೊಂಡು ಬರೋಣ ಎಂದ.

ಮುಂದಿನ ವಾರ ಚಂದನಳನ್ನು ಕರೆದುಕೊಂಡು ಹೋಗಿ ಊರಿನ ಶಾಲೆ ತೋರಿಸಿದರು. ಆಮೇಲೆ ಅಪ್ಪ, ಅಮ್ಮ, ಭೀಮರಾಜ್ ಮೇಷ್ಟ್ರು, ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂದ ಪವಿತ್ರ, ಎಲ್ಲರೂ ಚಂದನಳನ್ನೂ ಜೊತೆಗಿಟ್ಟುಕೊಂಡು ಮಾತಾಡಿದರು. ಕ್ಲಾಸು ಇಳಿಸುವುದು ಬೇಡ, ಐದರಲ್ಲೇ ಇರಲಿ. ಸಂಜೆ ಸ್ವಲ್ಪ ಹೊತ್ತು ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಕನ್ನಡ ಓದಿಸಲಿ. ಇಂಗ್ಲಿಷ್ ಪಾಠವೂ ನಿಲ್ಲದಿರಲಿ. ಹೊಂದಿಕೆಯಾಗದಿದ್ದರೆ ಮತ್ತೆ ಕೂತು ಮಾತಾಡೋಣ ಎಂದು ಒಪ್ಪಿಕೊಂಡರು. ಅವಳು ಯಾವ ಅಕ್ಷರಕ್ಕೆ ತಡವರಿಸುತ್ತಾಳೆ, ಲೆಕ್ಕವನ್ನು ಹೇಗೆ ಹೇಳಿಕೊಟ್ಟರೆ ಹಿಡಿಯುತ್ತಾಳೆ ಎಂಬುದನ್ನೆಲ್ಲ ಪವಿತ್ರ ಮೇಷ್ಟ್ರಿಗೆ ಹೇಳಿ ಹೋದರು.

ಹೊಸ ಶಾಲೆಯಲ್ಲಿ ಮೊದಲು ಸುಲಭವಾಗಲಿಲ್ಲ. ಚಿಕ್ಕ ಮಕ್ಕಳ ಪುಸ್ತಕ ಹಿಡಿಯಲು ಚಂದನ ನಾಚಿಕೊಂಡಳು, ಒಂದು ಸಲ ಅತ್ತೂಬಿಟ್ಟಳು. ಮೇಷ್ಟ್ರು ಅವಸರ ಮಾಡಲಿಲ್ಲ. ಅವಳು ತೆಲುಗಿನಲ್ಲಿ ಹೇಳಿದ ಕಥೆಯನ್ನೇ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟು ಓದಿಸಿದರು. ತನ್ನದೇ ಕಥೆಯಾದ್ದರಿಂದ ಹುಡುಗಿ ಬಿಡದೆ ಓದಿದಳು. ಸಂಕ್ರಾಂತಿಯ ಹೊತ್ತಿಗೆ ಗೋಡೆಯ ಮೇಲೆ, ಬಸ್ಸಿನ ಮೇಲೆ, ಗೊಬ್ಬರದ ಚೀಲದ ಮೇಲೆ ಕಂಡದ್ದನ್ನೆಲ್ಲ ಓದತೊಡಗಿದ್ದಳು. ಬೆಳಗಿನ ಹೊಟ್ಟೆನೋವೂ ನಿಂತಿತ್ತು.

ಬೇಸಿಗೆ ರಜೆಗೆ ಮುಂಚೆ ಕದಿರೇಶ್ ಒಂದು ಬುಟ್ಟಿ ಟೊಮೇಟೊ ಹೊತ್ತುಕೊಂಡು ಕೋಲಾರದ ಶಾಲೆಗೆ ಹೋದ. ಪವಿತ್ರ ಹೊರಗೆ ಬಂದರು. ಅವನು ಬುಟ್ಟಿ ಇಳಿಸಿ ಕೈ ಮುಗಿದ.

"ಅವತ್ತು ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಹೋದೆ ಮೇಡಂ. ನೀವು ಸುಮ್ಮನಿದ್ದಿದ್ರೆ ಯಾರೂ ನಿಮ್ಮನ್ನ ಕೇಳ್ತಿರಲಿಲ್ಲ. ಹೇಳಿದ್ರಲ್ಲ, ಆ ಋಣ ನಮ್ಮ ಮನೆ ಮೇಲಿದೆ."

ಪವಿತ್ರ ಕಣ್ಣೊರೆಸಿಕೊಂಡರು. ಹೇಳಿದ್ದು ತಪ್ಪಾಯಿತೇನೋ ಎಂದು ಎಷ್ಟೋ ದಿನ ಕೊರಗಿದ್ದೆ, ನೀವು ಬಂದು ಹೇಳಿದ್ದು ಒಳ್ಳೆಯದಾಯಿತು ಎಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಶಾಲೆಯ ಹೊತ್ತಿಗೆ ಮಂಕಾಗುತ್ತಿದೆಯೇ? ಬೈಯುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಟೀಚರ್ ಹತ್ತಿರ ಹೋಗಿ ಮಾತಾಡಿ. ಶಾಲೆ ಬದಲಿಸಬೇಕೆನಿಸಿದರೆ ಎರಡೂ ಶಾಲೆಯವರ ಜೊತೆ, ಮಗುವನ್ನೂ ಸೇರಿಸಿಕೊಂಡು, ಒಪ್ಪಿ ಬದಲಿಸಿ. ಗೊತ್ತಾಗದಿದ್ದರೆ ನಿಮ್ಮೂರಿನ ಶಾಲೆಯ ಮುಖ್ಯ ಶಿಕ್ಷಕರನ್ನೋ ಎಸ್‌ಡಿಎಂಸಿ ಸದಸ್ಯರನ್ನೋ ವಿಚಾರಿಸಿ. ಶಾಲೆ ಬದಲಾದರೆ ಅವಮಾನವೇನೂ ಇಲ್ಲ. ಮಗುವಿನ ಓದು ಮಾತ್ರ ನಿಲ್ಲಬಾರದು.